ಎರಡನೇ ಸಲ ಕೇಳುವವರು

ಬ್ರಹ್ಮಾವರದ ಕಡೆಯ ಮನೆಗಳಲ್ಲಿ ಒಂದು ಸಲ "ಬೇಡ" ಎಂದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಂದವರು ಬೇಡ ಎನ್ನಬೇಕು, ಮನೆಯವರು "ಹಾಗೆಂದರೆ ಹೇಗೆ, ಸ್ವಲ್ಪವಾದರೂ" ಎನ್ನಬೇಕು. ಬಂದವರು "ಈಗಷ್ಟೇ ಆಯಿತು ಮಾರಾಯ್ರೆ" ಎಂದು ಹೊಟ್ಟೆ ಸವರಿಕೊಳ್ಳಬೇಕು, ಅಷ್ಟರಲ್ಲಿ ಮನೆಯವರು ಬಡಿಸಿಯೇ ಬಿಟ್ಟಿರಬೇಕು. ಮೊದಲ ಸಲಕ್ಕೇ "ಹಾಕಿ" ಎಂದವನನ್ನು ಅನ್ನ ಕಾಣದವನು ಎನ್ನುತ್ತಾರೆ. ಮೊದಲ ಸಲ ಬೇಡ ಎಂದದ್ದಕ್ಕೇ ಪಾತ್ರೆ ಒಳಗೆ ಕೊಂಡುಹೋದವರನ್ನು ಏನೆನ್ನುತ್ತಾರೆ ಎಂಬುದನ್ನು ಇಲ್ಲಿ ಬರೆಯದಿರುವುದೇ ಒಳ್ಳೆಯದು. ಸುಗಂಧಿ ಬೆಳೆದದ್ದು ಇಂಥ ಒಂದು ಮನೆಯಲ್ಲಿ. ಆಮೇಲಿನ ಮೂವತ್ತು ಚಿಲ್ಲರೆ ವರ್ಷ ಅವಳು ಬದುಕಿದ್ದು ಸ್ಯಾನ್ ಡಿಯೇಗೋ ಪಕ್ಕದ ಪೊವೇಯಲ್ಲಿ. ಕಾಲು ಅಮೆರಿಕದ ಬ್ರೇಕು, ಆಕ್ಸಿಲರೇಟರು ಕಲಿತಿತ್ತು, ಕೈ ಅಮೆರಿಕದ ಒಲೆ ಕಲಿತಿತ್ತು, ನಾಲಿಗೆ ಮಾತ್ರ ಬ್ರಹ್ಮಾವರ ಬಿಟ್ಟು ಹೊರಟಿರಲೇ ಇಲ್ಲ.

ಅವಳ ಗಂಡ ಉಮಾನಾಥರು ಪೊವೇಯ ಬಿಸಿನೆಸ್ ಪಾರ್ಕಿನಲ್ಲಿ ಬೋರ್ಡು, ಬ್ಯಾನರು ಮಾಡಿಕೊಡುವ ಅಂಗಡಿ ಇಟ್ಟಿದ್ದರು. ಅವರಿಗೆ ಬಣ್ಣ, ಅಕ್ಷರ, ಅಳತೆ ಇಷ್ಟೇ ಪ್ರಪಂಚ. ಫ್ರೀವೇ ಎಂದರೆ ಕೈಕಾಲು ತಣ್ಣಗಾಗುವ ಆಸಾಮಿ. ಹಾಗಾಗಿ ಆರ್ಡರ್ ಹಿಡಿಯುವುದು, ಸುತ್ತಿಟ್ಟ ಬ್ಯಾನರುಗಳನ್ನು ವ್ಯಾನಿಗೆ ಹೇರಿಕೊಂಡು ತಲುಪಿಸಿ ಬರುವುದು ಎಲ್ಲ ಸುಗಂಧಿಯ ಪಾಲಿಗೆ ಬಂತು. ಸೊರೆಂಟೊ ವ್ಯಾಲಿಯ ಯಾವ ಕಂಪನಿಯ ಹಿಂಬಾಗಿಲು ಎಲ್ಲಿದೆ, ಶಾಲೆ ಬಿಡುವ ಹೊತ್ತಿಗೆ ಕಾರ್ಮೆಲ್ ವ್ಯಾಲಿಯ ಯಾವ ರಸ್ತೆಗೆ ತಲೆ ಹಾಕಬಾರದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕನ್ನಡ ಸಂಘದ ಯುಗಾದಿ, ದೀಪಾವಳಿಯ ಬ್ಯಾನರುಗಳೆಲ್ಲ ಅವರ ಅಂಗಡಿಯವೇ. 2021ರ ಜನವರಿಯಲ್ಲಿ ಉಮಾನಾಥರಿಗೆ ಕೊರೋನಾ ಬಂತು. ಆಸ್ಪತ್ರೆಯ ಬಾಗಿಲ ತನಕ ಸುಗಂಧಿಯೇ ವ್ಯಾನಿನಲ್ಲಿ ಬಿಟ್ಟಳು. ಜೊತೆಗೆ ಯಾರೂ ಒಳಗೆ ಬರುವಂತಿಲ್ಲ ಎಂದರು. ಒಳಗೆ ಹೋದವರು ಹಾಗೇ ಹೋದರು.

ಅಂಗಡಿ ಮಾರಿದಳು, ವ್ಯಾನು ಉಳಿಯಿತು. ವ್ಯಾನು ಉಳಿದದ್ದರಿಂದ ಜನರೂ ಉಳಿದರು ಎಂದು ಒಮ್ಮೊಮ್ಮೆ ಅವಳಿಗೆ ಅನಿಸುತ್ತಿತ್ತು, ಹಾಗೆ ಅನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಗುತ್ತಿತ್ತು. ಊರಿಂದ ಬರುವ ಅಪ್ಪ ಅಮ್ಮಂದಿರನ್ನು ಏರ್‌ಪೋರ್ಟಿನಿಂದ ಕರೆತರಬೇಕೇ, ಮನೆ ಬದಲಿಸುವಾಗ ಸೋಫಾ ಸಾಗಿಸಬೇಕೇ, ಗಣೇಶನ ಹಬ್ಬಕ್ಕೆ ದೊಡ್ಡ ಪಾತ್ರೆ ಒಯ್ಯಬೇಕೇ, ಸುಗಂಧಿ ಅಕ್ಕನಿಗೆ ಒಂದು ಫೋನು. ಅವಳೂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ಓಡುತ್ತಿದ್ದಳು. ಎಲ್ಲರನ್ನೂ ಅವರವರ ಬಾಗಿಲಿಗೆ ಇಳಿಸಿ, ಕೈಬೀಸಿ, ತನ್ನ ಮನೆಯ ಗ್ಯಾರೇಜಿನೊಳಗೆ ಬಂದು ಇಂಜಿನ್ ಆಫ್ ಮಾಡಿದ ಮೇಲೆ ಕೆಳಗಿಳಿಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಸೀಟಿನಲ್ಲೇ ಕೂತಿರುತ್ತಿದ್ದಳು. ಒಳಗೆ ಹೋದರೆ ಮಾತಾಡಿಸುವವರಿಲ್ಲ. ಬಲಗಡೆ ಮನೆಯ ಮುದುಕ ನೌಕಾಪಡೆಯಿಂದ ರಿಟೈರಾದವನು, ಕಂಡಾಗ ಕೈ ಎತ್ತುತ್ತಾನೆ, ಅಷ್ಟೇ. ಎಡಗಡೆ ಮನೆಗೆ ವರ್ಷಕ್ಕೊಬ್ಬ ಬಾಡಿಗೆದಾರ.

ಹೀಗಿರುತ್ತಾ 2023ರ ಅಕ್ಟೋಬರಿನಲ್ಲಿ, ಮುಟ್ಟು ನಿಂತು ಏಳೆಂಟು ವರ್ಷವಾಗಿದ್ದ ಅವಳಿಗೆ ಮತ್ತೆ ರಕ್ತ ಕಂಡಿತು. ಡಾಕ್ಟರು ಸ್ಕ್ಯಾನ್ ಮಾಡಿ, ಮುಖ ಬದಲಿಸದೆ, ಅರಿವಳಿಕೆ ಕೊಟ್ಟು ಗರ್ಭಕೋಶದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ತಡ ಮಾಡುವುದು ಬೇಡ ಎಂದರು. ಮುಂದಿನ ಬುಧವಾರಕ್ಕೆ ದಿನ ಸಿಕ್ಕಿತು. ಆಸ್ಪತ್ರೆಯಿಂದ ಫೋನ್ ಮಾಡಿದ ಹುಡುಗಿ ಉಪವಾಸ ಇರಬೇಕಾದ ಹೊತ್ತು, ಬಿಡಬೇಕಾದ ಮಾತ್ರೆ ಎಲ್ಲ ಹೇಳಿ, ಕೊನೆಗೆ ಕೇಳಿದಳು: ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗುವವರು ಯಾರು? ಟ್ಯಾಕ್ಸಿಯಲ್ಲಿ ಹೋಗುತ್ತೇನೆ ಎಂದಳು ಸುಗಂಧಿ. ಅದು ಆಗುವುದಿಲ್ಲವಂತೆ. ಗುರುತಿನವರೊಬ್ಬರು ಜೊತೆಗೆ ಬಂದು, ಕಾದಿದ್ದು, ಕರೆದುಕೊಂಡು ಹೋಗಬೇಕು, ಸೋಮವಾರ ಸಂಜೆಯೊಳಗೆ ಅವರ ಹೆಸರು, ಫೋನ್ ನಂಬರು ತಿಳಿಸಬೇಕು. ಇಲ್ಲದಿದ್ದರೆ ದಿನ ಮುಂದಕ್ಕೆ ಹಾಕುತ್ತೇವೆ ಎಂದಳು ಆ ಹುಡುಗಿ, ಬಹಳ ಮರ್ಯಾದೆಯಿಂದ.

ಮಗ ಸುಜಿತ್ ಇರುವುದು ಟೆಕ್ಸಾಸಿನಲ್ಲಿ. ಹೆಂಡತಿಗೆ ದಿನ ತುಂಬಿತ್ತು. ವಿಷಯ ಕೇಳಿ ಅವನು ಗಾಬರಿಯಾದದ್ದು ನಿಜ. "ಮಾಮ್, ಡು ಯು ವಾಂಟ್ ಮೀ ಟು ಕಮ್?" ಎಂದು ಕೇಳಿದ್ದೂ ನಿಜ.

"ಬೇಡ ಬೇಡ ಮಗ, ನೀನೆಂತಕ್ಕೆ ಬರುದು, ಅವಳ ಹತ್ತಿರ ಇರು" ಎಂದಳು ಸುಗಂಧಿ.

"ಓಕೆ ಮಾಮ್. ಇಫ್ ಯು ಆರ್ ಶೂರ್" ಎಂದ ಮಗ. ಅವನ ದನಿಯಲ್ಲಿ ನಿರಾಳ ಇತ್ತು. "ಆಸ್ಕ್ ಯುವರ್ ಫ್ರೆಂಡ್ಸ್. ಯು ಹ್ಯಾವ್ ಸೋ ಮೆನಿ."

ಇಟ್ಟ ಫೋನನ್ನು ನೋಡುತ್ತಾ ಅವಳು ಕುಳಿತಳು. ಇನ್ನೊಂದು ಸಲ ಕೇಳಿದ್ದರೆ ಬೇಡ ಎನ್ನುತ್ತಲೇ ಬಾ ಎಂದುಬಿಡುತ್ತಿದ್ದಳು. ತಪ್ಪು ಹುಡುಗನದಲ್ಲ. ಅವನನ್ನು ಇಲ್ಲಿ ಹೆತ್ತವಳು ಅವಳೇ. ಇರಲಿ, ಅವನು ಹೇಳಿದ್ದರಲ್ಲಿ ಒಂದು ಮಾತು ಸರಿ ಇತ್ತು. ಸ್ನೇಹಿತೆಯರಿದ್ದರು. ಅದೂ ಅಲ್ಲದೆ ಆ ಶನಿವಾರ ಅವರೆಲ್ಲ ಲಾಸ್ ಏಂಜಲೀಸಿಗೆ ಹೊರಟಿದ್ದರು, ಅವಳದೇ ವ್ಯಾನಿನಲ್ಲಿ. ಎರಡು ದಿನ ಜೊತೆಗಿರುವಾಗ ಒಂದು ಮಾತು ಕೇಳಲು ಹೊತ್ತು ಸಿಕ್ಕದೇ ಹೋದೀತೇ?

ಹೊರಟದ್ದು ಮದುವೆಯ ಜವಳಿಗೆ. ಕಾರ್ಮೆಲ್ ವ್ಯಾಲಿಯ ಜಯಾಳ ಮಗಳಿಗೆ ಡಿಸೆಂಬರಿನಲ್ಲಿ ಮದುವೆ. ಜಯಾ ಬಸವನಗುಡಿಯವಳು, ಮೊಬೈಲ್ ಚಿಪ್ ಮಾಡುವ ಕಂಪನಿಯಲ್ಲಿ ಇಪ್ಪತ್ತು ವರ್ಷದಿಂದ ಇಂಜಿನಿಯರು. ಊರಿಗೆ ಹೋಗಿ ಸೀರೆ ತರಲು ರಜೆ ಸಿಕ್ಕಿರಲಿಲ್ಲ. ಇಲ್ಲಿಯವರಿಗೆ ಅಂಥ ಹೊತ್ತಿಗೆ ಗತಿ ಲಾಸ್ ಏಂಜಲೀಸ್ ಪಕ್ಕದ ಆರ್ಟೀಸಿಯಾ. ಅಲ್ಲಿನ ಪಯೋನಿಯರ್ ಬುಲೆವಾರ್ಡಿನಲ್ಲಿ ಸೀರೆ, ಬಳೆ, ಚಿನ್ನ, ಪಾನಿಪೂರಿ ಎಲ್ಲ ಒಂದೇ ರಸ್ತೆಯಲ್ಲಿ ಸಿಗುತ್ತವೆ. ಜೊತೆಗೆ ಜಯಾಳ ಆಫೀಸಿನವಳೇ ಆದ ಮಂಜುಶ್ರೀ, ಮತ್ತು ಮಂಗಳೂರಿನ ಸುಪ್ರೀತಾ. ಸುಪ್ರೀತಾಳಿಗೆ ಮೂವತ್ತೆಂಟು ವರ್ಷ, ಔಷಧ ಕಂಡುಹಿಡಿಯುವ ಕಂಪನಿಯೊಂದರಲ್ಲಿ ಕೆಲಸ, ಒಬ್ಬಳು ಪುಟ್ಟ ಮಗಳು. ಈ ಮೂವರಲ್ಲಿ ಸುಗಂಧಿಗೆ ಹೆಚ್ಚು ಬೇಕಾದವಳು ಅವಳೇ. ಕರಾವಳಿಯವಳು ಎಂಬ ಒಂದು ಹೆಚ್ಚಿನ ಸಲಿಗೆ.

ಶನಿವಾರ ಬೆಳಿಗ್ಗೆ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಸಮುದ್ರದ ಪಕ್ಕದ ಫ್ರೀವೇ ಹಿಡಿದದ್ದೇ ಹಿಂದಿನ ಸೀಟಿನಲ್ಲಿ ನಗು ಶುರುವಾಯಿತು. ಚಕ್ಕುಲಿ ಡಬ್ಬಿ ಬಿಚ್ಚಿತು. ಸುಗಂಧಿ ಸ್ಟಿಯರಿಂಗ್ ಹಿಡಿದು, ಮಾತಿನ ಮಧ್ಯೆ ಒಂದು ಸಂದು ಸಿಕ್ಕೀತೇ ಎಂದು ಕಾಯುತ್ತಿದ್ದಳು. ಸಂದು ತಾನಾಗಿಯೇ ಬಂತು. ಸುಪ್ರೀತಾ ತನ್ನ ಅತ್ತೆಯ ಮಂಡಿ ಆಪರೇಷನ್ ವಿಷಯ ಎತ್ತಿದಳು. ಸುಗಂಧಿ ಗಂಟಲು ಸರಿಮಾಡಿಕೊಂಡಳು.

"ಸುಪ್ರೀತಾ, ಪ್ಲೀಸ್ ಕಣೇ" ಎಂದಳು ಜಯಾ ಹಿಂದಿನಿಂದ. "ಧಾರೆ ಸೀರೆ ತರೋಕೆ ಹೊರಟಿದೀವಿ. ಆಸ್ಪತ್ರೆ ಮಾತು ಬೇಡ. ನಮ್ಮಮ್ಮ ಇದ್ದಿದ್ರೆ ಗಾಡಿ ವಾಪಸ್ ತಿರುಗಿಸ್ತಿದ್ರು."

"ಅಯ್ಯೋ ಸಾರಿ ಸಾರಿ" ಎಂದು ಸುಪ್ರೀತಾ ತುಟಿಗೆ ಬೆರಳಿಟ್ಟುಕೊಂಡಳು.

ಗಂಟಲಿಗೆ ಬಂದದ್ದನ್ನು ಸುಗಂಧಿ ನುಂಗಿಕೊಂಡಳು. ಜಯಾ ಕಂಪ್ಯೂಟರಿನ ಹೊಟ್ಟೆ ಬಗೆದು ನೋಡುವವಳು, ಆದರೆ ಶಕುನದ ವಿಷಯದಲ್ಲಿ ಅವರಜ್ಜಿಗಿಂತ ಒಂದು ಕೈ ಮೇಲು. ಅದನ್ನು ತಪ್ಪು ಎನ್ನಲು ಸುಗಂಧಿಗೆ ಬಾಯಿ ಬರಲಿಲ್ಲ. ತನ್ನ ಮದುವೆಯ ಜವಳಿಗೆ ಹೊರಟ ದಿನ ಯಾರಾದರೂ ಆಸ್ಪತ್ರೆ ಎಂದಿದ್ದರೆ ಅವಳ ಅಮ್ಮನೂ ಬಿಡುತ್ತಿರಲಿಲ್ಲ. ಸರಿ, ಸೀರೆ ಕೊಳ್ಳುವ ತನಕ ಬೇಡ, ಆಮೇಲೆ ನೋಡೋಣ ಎಂದುಕೊಂಡಳು.

ಸೀರೆ ಅಂಗಡಿಯ ಗುಜರಾತಿ ಯಜಮಾನ ಬಿಳಿ ಹಾಸಿನ ಮೇಲೆ ಸೀರೆಗಳನ್ನು ಬಿಚ್ಚಿ ಬಿಚ್ಚಿ ಎಸೆದ. ಜಯಾ ಇದು ಬೇಡ, ಅದು ತೆಗೀರಿ ಎನ್ನುತ್ತಾ ಅರ್ಧ ಅಂಗಡಿ ಬಿಚ್ಚಿಸಿದ ಮೇಲೆ, ಅರಿಸಿನಕ್ಕೆ ಕೆಂಪಂಚಿನ ಒಂದು ಸೀರೆಯ ಮುಂದೆ ಅವಳ ಕಣ್ಣು ನಿಂತಿತು. ಎಲ್ಲರೂ ಹೂಂ ಎಂದರು. ಜಯಾ ತಲೆ ತಗ್ಗಿಸಿ ಒಂದು ಕ್ಷಣ ಏನೋ ನೆನೆಸಿಕೊಂಡು, ಸೀರೆಯನ್ನು ಸುಗಂಧಿಯ ಮುಂದಕ್ಕೆ ಸರಿಸಿದಳು.

"ಅಕ್ಕ, ನಮ್ಮಲ್ಲಿ ದೊಡ್ಡವರು ನೀವು. ಮೊದಲು ನೀವು ಮುಟ್ಟಿ ಆಶೀರ್ವಾದ ಮಾಡಿ."

ಸುಗಂಧಿಯ ಎದೆ ತುಂಬಿ ಬಂತು. ತುಂಬಿ ಬಂದದ್ದಕ್ಕೇ ನಾಲಿಗೆ ತನ್ನ ಹಳೆಯ ಕೆಲಸ ಮಾಡಿತು. "ಅಯ್ಯೋ, ನಾನೆಂತಕ್ಕೆ! ಬೇಡ ಬೇಡ. ತಾಯಿ ನೀವು, ನೀವೇ ಮುಟ್ಟಿ."

ಹಾಗೆನ್ನುತ್ತಲೇ ಅವಳ ಬಲಗೈ ಮಡಿಲಿನಿಂದ ಮೇಲೆದ್ದಿತ್ತು. ಇನ್ನೊಂದು ಸಲ "ಹಾಗೆಲ್ಲ ಹೇಳಬೇಡಿ ಅಕ್ಕ" ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಜಯಾಳ ಮುಖ ಒಮ್ಮೆಗೇ ಮೆತ್ತಗಾಯಿತು. "ಸರಿ ಅಕ್ಕ, ಪರವಾಗಿಲ್ಲ. ನಿಮಗೆ ಕಷ್ಟ ಆಗೋದು ಬೇಡ" ಎಂದು ಅವಳ ಭುಜ ಒತ್ತಿ, ಸೀರೆಯನ್ನು ತನ್ನತ್ತ ಎಳೆದುಕೊಂಡಳು.

ಸುಗಂಧಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾನು ಗಂಡನಿಲ್ಲದವಳು ಎಂದು ಹಿಂಜರಿದೆ ಅಂದುಕೊಂಡಿದ್ದಾಳೆ ಜಯಾ! ಆ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ಮುಟ್ಟಬೇಕು ಎಂದು ಬಹಳ ಆಸೆಯಾಗಿತ್ತು. ಈಗ ಹೋಗಿ "ಹಾಗಲ್ಲ, ನಾನು ಸುಮ್ಮನೆ ಬಾಯುಪಚಾರಕ್ಕೆ ಅಂದದ್ದು" ಎಂದರೆ ಅತ್ತು ಕರೆದು ಔತಣ ಹೇಳಿಸಿಕೊಂಡ ಹಾಗಾಗುತ್ತದೆ. ಎದ್ದ ಕೈಯಿಂದ ಸೆರಗು ಸರಿಮಾಡಿಕೊಂಡಳು. ಜಯಾ ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ ಎಂಬುದು ಅವಳಿಗೆ ಗೊತ್ತಿತ್ತು, ಹೊಟ್ಟೆ ಉರಿದದ್ದೂ ಅದಕ್ಕೇ. ಕೆಟ್ಟ ಮನಸ್ಸಿನವರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ಬಳೆ ಅಂಗಡಿ, ಚಿನ್ನದಂಗಡಿ, ಮತ್ತೆ ಮ್ಯಾಚಿಂಗ್ ರವಿಕೆ ಬಟ್ಟೆ. ಚೀಲಗಳು ಒಂದೊಂದಾಗಿ ಸುಗಂಧಿಯ ಕೈಗೆ ಬಂದವು. ಸಂಜೆ ರಸ್ತೆಬದಿಯ ಚಾಟ್ ಅಂಗಡಿಯಲ್ಲಿ ನಾಲ್ವರೂ ಪಾನಿಪೂರಿ ತಿಂದರು, ಮಂಜುಶ್ರೀ ಎಲ್ಲರಿಗೂ ಕುಲ್ಫಿ ತರಲು ಎದ್ದಳು.

"ಅಕ್ಕ, ನಿಮಗೆ ಯಾವ ಫ್ಲೇವರ್?"

"ನನಗೆ ಬೇಡ ಮಾರಾಯ್ತಿ, ಹೊಟ್ಟೆ ತುಂಬಿ ಉಂಟು."

"ಓಕೆ" ಎಂದು ಮಂಜುಶ್ರೀ ಹೋದಳು. ಮೂರು ಕುಲ್ಫಿ ತಂದಳು. ಪಿಸ್ತಾ ಒಂದು, ಮಾವಿನಹಣ್ಣು ಒಂದು, ಗುಲಾಬಿ ಒಂದು. ಸುಗಂಧಿ ಚೀಲಗಳನ್ನು ಮಡಿಲಿಗೆ ಎಳೆದುಕೊಂಡು, ಮೂವರು ಕಡ್ಡಿ ಚೀಪುವುದನ್ನು ನೋಡುತ್ತಾ ಕುಳಿತಳು. ಅರುವತ್ತರ ಹತ್ತಿರ ಬಂದ ಹೆಂಗಸು ಕುಲ್ಫಿಗಾಗಿ ಕಣ್ಣಲ್ಲಿ ನೀರು ತಂದುಕೊಂಡರೆ ಜನ ಏನೆನ್ನುವುದಿಲ್ಲ? ಅವಳಿಗೆ ಬೇಕಿದ್ದುದು ಕುಲ್ಫಿಯೇನೂ ಅಲ್ಲ. ಇನ್ನೊಂದು ಸಲ ಕೇಳಲಿ ಎಂಬುದಷ್ಟೇ.

ಸುಪ್ರೀತಾ ಅವಳ ಮುಖ ನೋಡಿ, ತಿನ್ನುವುದನ್ನು ನಿಲ್ಲಿಸಿ, ಸಮಾಧಾನದ ದನಿಯಲ್ಲಿ ಹೇಳಿದಳು. "ನಮ್ಮ ಊರಲ್ಲಾದ್ರೆ ಅಕ್ಕ, ಈಗ ನಿಮ್ಮ ಬಾಯಿಗೆ ತುರುಕ್ತಿದ್ರು. ನನಗೆ ಅದು ಸಣ್ಣದಿರುವಾಗಲೇ ಆಗ್ತಿರಲಿಲ್ಲ. ಬೇಡ ಅಂದ್ರೆ ಬೇಡ ಅಂತ ಯಾಕೆ ತಿಳ್ಕೊಳ್ಳುದಿಲ್ಲ ಇವರು ಅಂತ ಸಿಟ್ಟು ಬರ್ತಿತ್ತು. ಈಗ ನನ್ನ ಮಗಳಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಯಾರಿಗೂ ಒತ್ತಾಯ ಮಾಡ್ಬಾರ್ದು, ನಮಗೂ ಯಾರೂ ಮಾಡ್ಬಾರ್ದು."

"ಹೌದು, ಅದು ಒಳ್ಳೇದೇ" ಎಂದಳು ಸುಗಂಧಿ. ಒಳ್ಳೆಯದೇ ಇರಬೇಕು. ಆ ಮಗುವಿಗೆ ಮುಂದೆ ಎಷ್ಟೋ ಕಡೆ ಅದು ಕಾಪಾಡೀತು. ಆದರೆ ಆ ಹೊತ್ತಿಗೆ ಸುಗಂಧಿಗೆ, ತಾನು ತಟ್ಟೆಗೆ ಕೈ ಅಡ್ಡ ಹಿಡಿದರೂ ಅಮ್ಮ ಬೆರಳ ಸಂದಿಯಿಂದ ಪಾಯಸ ಸುರಿಯುತ್ತಿದ್ದುದು ನೆನಪಾಯಿತು.

ಹೋಟೆಲಿನಲ್ಲಿ ಎರಡು ದೊಡ್ಡ ಮಂಚದ ಒಂದೇ ರೂಮು. ಹಾಸಿಗೆಯ ತುಂಬ ಸೀರೆಗಳನ್ನು ಹರಡಿ, ಹೆಗಲಿಗೆ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ಮೂವರೂ ಕಾಲೇಜು ಹುಡುಗಿಯರಾಗಿದ್ದರು. ಸೀರೆ ಕೊಂಡಾಗಿತ್ತು, ಇನ್ನು ಅಡ್ಡಿಯಿಲ್ಲ ಎಂದುಕೊಂಡು ಸುಗಂಧಿ ಮಂಚದ ಅಂಚಿಗೆ ಬಂದು ಕುಳಿತಳು. ಎಲ್ಲಿಂದ ಶುರುಮಾಡುವುದು? ರಕ್ತದಿಂದಲೇ? ಮೂವರು ಹೆಂಗಸರೇ, ಆದರೂ ಆ ಪದ ಬಾಯಿಗೆ ಬರಲಿಲ್ಲ. "ಬುಧವಾರ ನಿಮಗೆಲ್ಲ ಕೆಲಸ ಜೋರಾ?" ಎಂದು ದೂರದಿಂದ ಶುರುಮಾಡಿದಳು.

"ಬುಧವಾರನಾ? ಕೇಳ್ಬೇಡಿ" ಎಂದು ಮಂಜುಶ್ರೀ ಫೋನು ತೆಗೆದು ಅವಳ ಮುಂದೆ ಹಿಡಿದಳು. ಬಣ್ಣಬಣ್ಣದ ಚೌಕಗಳು. ನೀಲಿ ಆಫೀಸು, ಹಸಿರು ಮಗನ ಈಜು, ಹಳದಿ ಮಗಳ ಪಿಯಾನೋ, ಕೆಂಪು ಯಾವುದೋ ತೈವಾನಿನವರ ಜೊತೆ ಮೀಟಿಂಗು. ಬುಧವಾರದಲ್ಲಿ ಬಿಳಿಯ ಜಾಗವೇ ಇರಲಿಲ್ಲ. "ನನ್ನ ಗಂಡ ನನ್ನ ಜೊತೆ ಮಾತಾಡ್ಬೇಕು ಅಂದ್ರೂ ಇದ್ರಲ್ಲಿ ಜಾಗ ಹುಡುಕ್ಬೇಕು ಅಕ್ಕ" ಎಂದು ನಕ್ಕಳು. ಜಯಾ ತನ್ನದೂ ಅದೇ ಕಥೆ ಎಂದಳು, ಮದುವೆ ಕೆಲಸ ಬೇರೆ. ಎಲ್ಲರೂ ನಕ್ಕರು. ಸುಗಂಧಿಯೂ ನಕ್ಕಳು. ಯಾಕೆ ಕೇಳಿದಿರಿ ಅಕ್ಕ ಎಂದು ಯಾರೂ ಕೇಳಲಿಲ್ಲ.

ತಪ್ಪು ಯಾರದು ಎಂದು ಕೇಳಿದರೆ, ಈ ಕಥೆ ಹೇಳುವವರಿಗೆ ಸುಗಂಧಿಯ ಮೇಲೂ ಸ್ವಲ್ಪ ಸಿಟ್ಟಿದೆ. ಊರಿನ ಅರ್ಧ ಜನರ ಲಗೇಜು ಹೊತ್ತವಳು ತನ್ನ ಒಂದು ಮಾತು ಹೊರಲಾರಳೇ? ಆದರೆ ಮಾಡಿ ಅಭ್ಯಾಸವಿದ್ದವರಿಗೆ ಮಾಡಿಸಿಕೊಳ್ಳುವುದು ಬರುವುದಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಭಯ. ಬಾಯಿ ಬಿಟ್ಟು ಕೇಳಿ, ಅವರು ಆಗುವುದಿಲ್ಲ ಎಂದರೆ, ಆಮೇಲೆ ಅವರು ಬರಿಯ ವ್ಯಾನಿಗೆ ಬಂದ ಜನ ಎಂದು ಖಾತ್ರಿಯಾಗಿಬಿಡುತ್ತದಲ್ಲ, ಅದು ಅವಳಿಗೆ ಡಾಕ್ಟರು ಹೇಳಬಹುದಾದ ಯಾವ ಮಾತಿಗಿಂತಲೂ ಹೆಚ್ಚಿನ ಹೆದರಿಕೆಯಾಗಿತ್ತು.

ಭಾನುವಾರ ಸಾಂಟಾ ಮೋನಿಕಾ. ಸಮುದ್ರ, ಬಿಸಿಲು, ಕಿಕ್ಕಿರಿದ ಜನ. ಅರ್ಧ ಬೀದಿಯಷ್ಟು ಉದ್ದದ ಸಾಲಿನಲ್ಲಿ ನಿಂತು ಟಾಕೋ ತಿಂದರು, ಮಂಜುಶ್ರೀ ಮಕ್ಕಳಿಗೆ ಶೂ ಕೊಂಡಳು, ಸೇತುವೆಯಂತೆ ಸಮುದ್ರದೊಳಕ್ಕೆ ಚಾಚಿದ ಕಟ್ಟೆಯ ಮೇಲೆ ನಡೆದರು. ಫೋಟೋ ತೆಗೆಯುವವಳು ಸುಗಂಧಿ. ಅವಳಿಗೆ ಕೈ ಅಲುಗುವುದಿಲ್ಲ ಎಂದು ಎಲ್ಲರೂ ಹೊಗಳಿದರು. ಅವಳು ಇಲ್ಲದ ಫೋಟೋಗಳು ಅಲ್ಲಿಂದಲೇ ಕನ್ನಡ ಸಂಘದ ವಾಟ್ಸಾಪಿಗೆ ಹೋದವು, ಕೆಳಗೆ ಹೃದಯಗಳು ಬಿದ್ದವು. ಒಬ್ಬರು "ಲೇಡೀಸ್ ಗ್ಯಾಂಗ್ ಸೂಪರ್, ಮೂರೂ ಜನ ಮಿಂಚ್ತಿದೀರ" ಎಂದು ಬರೆದರು. ಸುಗಂಧಿ ಅದಕ್ಕೂ ಒಂದು ಹೃದಯ ಹಾಕಿದಳು.

ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸು ಹೊರಟರು. ಸ್ಯಾನ್ ಕ್ಲೆಮೆಂಟಿ ದಾಟಿದ ಮೇಲೆ ಒಂದಷ್ಟು ದೂರ ಮಿಲಿಟರಿಯವರ ಜಾಗ. ಮನೆಯಿಲ್ಲ, ಅಂಗಡಿಯಿಲ್ಲ, ಒಂದು ಪಕ್ಕ ಬೋಳು ಗುಡ್ಡ, ಇನ್ನೊಂದು ಪಕ್ಕ ಸಮುದ್ರ. ಜಯಾ, ಮಂಜುಶ್ರೀ ಹಿಂದೆ ಚೀಲಗಳಿಗೆ ಒರಗಿ ನಿದ್ದೆ ಹೋಗಿದ್ದರು. ಮುಂದೆ ಪಕ್ಕದಲ್ಲಿ ಸುಪ್ರೀತಾ. ಇದನ್ನು ಬಿಟ್ಟರೆ ಇನ್ನಿಲ್ಲ ಎಂದು ಸುಗಂಧಿ ರಸ್ತೆಯ ಮೇಲಿನ ಕಣ್ಣು ತೆಗೆಯದೆ, ದನಿ ತಗ್ಗಿಸಿ, ಎಲ್ಲವನ್ನೂ ಹೇಳಿಬಿಟ್ಟಳು. ರಕ್ತವನ್ನೂ ಹೇಳಿದಳು. ಬುಧವಾರವನ್ನೂ ಹೇಳಿದಳು. ಯಾರಾದರೂ ಜೊತೆಗೆ ಬರಬೇಕಂತೆ ಎಂಬುದನ್ನೂ ಹೇಳಿದಳು.

ಸುಪ್ರೀತಾ ಪೂರ್ತಿ ಅವಳ ಕಡೆ ತಿರುಗಿದಳು. "ಅಕ್ಕ! ಎರಡು ದಿನದಿಂದ ಇದನ್ನು ಹೊಟ್ಟೆಯಲ್ಲಿ ಇಟ್ಕೊಂಡು ಡ್ರೈವ್ ಮಾಡಿದ್ರಾ? ನಾನು ಬರ್ತೇನೆ. ಬುಧವಾರ ನಾನು ರಜೆ ಹಾಕ್ತೇನೆ."

ಎಷ್ಟು ಸುಲಭವಾಗಿತ್ತು! ಸುಗಂಧಿಯ ಕಣ್ಣು ಮಂಜಾಯಿತು. ಕುತ್ತಿಗೆ ಸಡಿಲವಾಯಿತು. ಆ ಸುಖದಲ್ಲಿಯೇ ಬಾಯಿ ತೆರೆಯಿತು.

"ಬೇಡ ಬೇಡ! ನಿನಗೆ ಕೆಲಸ ಉಂಟು, ಮಗು ಉಂಟು. ನೀನೆಂತಕ್ಕೆ ರಜೆ ಹಾಕುದು?"

"ಶೂರಾ ಅಕ್ಕ?"

"ಹೂಂ. ನಾನು ಯಾರನ್ನಾದ್ರೂ ನೋಡಿಕೊಳ್ತೇನೆ."

ಸುಪ್ರೀತಾ ಏನೋ ಅರ್ಥವಾದವಳಂತೆ ತಲೆಯಾಡಿಸಿದಳು. "ಸರಿ. ಇಂಥ ವಿಷಯಕ್ಕೆ ಜೊತೆಗೆ ಯಾರಿರ್ಬೇಕು ಅನ್ನುದು ನಿಮಗೆ ಬಿಟ್ಟದ್ದು. ನಾನು ಒತ್ತಾಯ ಮಾಡುದಿಲ್ಲ. ಬೇಕಾದ್ರೆ ಒಂದು ಫೋನ್ ಮಾಡಿ, ಆಯ್ತಾ?"

ಆಯ್ತು ಎಂದಳು ಸುಗಂಧಿ. ಓಷನ್‌ಸೈಡ್ ಬಂತು. ಈಗ ಕೇಳುತ್ತಾಳೆ ಎಂದುಕೊಂಡಳು. ಕಾರ್ಲ್ಸ್‌ಬ್ಯಾಡ್ ಬಂತು, ಸುಪ್ರೀತಾ ಮಗಳಿಗೆ ಫೋನ್ ಮಾಡಿ ಮಾತಾಡಿದಳು. ಎನ್‌ಸಿನಿಟಾಸ್ ದಾಟಿತು. ಜಯಾ, ಮಂಜುಶ್ರೀಯರನ್ನು ಕಾರ್ಮೆಲ್ ವ್ಯಾಲಿಯಲ್ಲಿ ಇಳಿಸಿದ ಮೇಲೆ ವ್ಯಾನಿನಲ್ಲಿ ಇಬ್ಬರೇ ಉಳಿದರು. ಇನ್ನು ಕೇಳದೆ ಇರಲಾರಳು. ಸುಗಂಧಿ ಬೇಕೆಂದೇ ನಿಧಾನವಾಗಿ ಓಡಿಸಿದಳು, ಹಸಿರು ದೀಪ ಹಳದಿಯಾಗುವ ತನಕ ಕಾದಳು. ಮನೆ ಮುಂದೆ ಇಳಿದು ಸುಪ್ರೀತಾ ಅವಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು. "ಥ್ಯಾಂಕ್ಯೂ ಅಕ್ಕ, ಯು ಆರ್ ದ ಬೆಸ್ಟ್. ಬುಧವಾರ ಮೆಸೇಜ್ ಮಾಡ್ತೇನೆ" ಎಂದಳು.

ಸೋಮವಾರ ಆಸ್ಪತ್ರೆಯ ಹುಡುಗಿ ಮರೆಯದೆ ಫೋನ್ ಮಾಡಿದಳು. ಸುಗಂಧಿಯ ಹತ್ತಿರ ಹೇಳಲು ಹೆಸರಿತ್ತು, ನಂಬರೂ ಇತ್ತು. ಆದರೆ ಬೇಡ ಎಂದು ತಾನೇ ಹೇಳಿ ಕಳಿಸಿದವಳನ್ನು ಮತ್ತೆ ಹೇಗೆ ಕರೆಯುವುದು? "ಯಾರೂ ಇಲ್ಲ" ಎಂದಳು. ಆ ಹುಡುಗಿ ಪಾಪ, ಕಂಪ್ಯೂಟರಿನಲ್ಲಿ ಹುಡುಕಿ, ಡಿಸೆಂಬರಿನಲ್ಲಿ ಒಂದು ದಿನ ಖಾಲಿ ಇದೆ ಎಂದಳು. ಆಗಬಹುದು ಎಂದಳು ಸುಗಂಧಿ.

ಬುಧವಾರ ಅವಳು ಎಲ್ಲಿಗೂ ಹೋಗಲಿಲ್ಲ. ಯಾರಾದರೂ ಕಂಡಾರು ಎಂದು ಬಾಗಿಲ ಹತ್ತಿರ ಬಿದ್ದಿದ್ದ ಕಾಗದಪತ್ರ ತೆಗೆಯಲೂ ಹೊರಗೆ ಬರಲಿಲ್ಲ. ಗಂಜಿ ಮಾಡಿದಳು, ಉಣ್ಣಲಿಲ್ಲ. ನ್ಯಾಯವಾಗಿ ಅರಿವಳಿಕೆಯಲ್ಲಿರಬೇಕಾದ ಹೆಂಗಸು ಮನೆಯೊಳಗೆ ಕೋಣೆಯಿಂದ ಕೋಣೆಗೆ ಚಪ್ಪಲಿ ಎಳೆಯುತ್ತಾ ತಿರುಗಿದಳು. ಒಂದು ಸಣ್ಣ ವಿಷಯಕ್ಕೆ ತಾನು ಸಾಯಲೂಬಹುದು ಎಂಬುದು ಆ ಮಧ್ಯಾಹ್ನ ಅವಳಿಗೆ ಮೊದಲ ಸಲ ಸರಿಯಾಗಿ ಹೊಳೆಯಿತು. ಸತ್ತರೆ ಎಲ್ಲರೂ ಬರುತ್ತಾರೆ, ಎಂಥ ಒಳ್ಳೆಯ ಹೆಂಗಸು, ಯಾರಿಗೂ ತೊಂದರೆ ಕೊಟ್ಟವಳಲ್ಲ ಎನ್ನುತ್ತಾರೆ. ಅದನ್ನು ನೆನೆದು ಅವಳಿಗೆ ಮೈಯೆಲ್ಲ ಕೋಪ ಬಂತು.

ನಾಲ್ಕು ಗಂಟೆಗೆ ಸುಪ್ರೀತಾಳ ಮೆಸೇಜು. "ಅಕ್ಕ, ಹೇಗಾಯ್ತು? ಮನೆಗೆ ಬಂದ್ರಾ?"

"ಎಲ್ಲ ಸರಿ ಆಯ್ತು. ಮನೆಯಲ್ಲಿದ್ದೇನೆ" ಎಂದು ಬರೆದಳು.

"ಅಬ್ಬ! ರಾತ್ರಿಗೆ ಊಟ ತರ್ಲಾ? ಮೀನು ಸಾರು ಮಾಡಿದ್ದೇನೆ."

ಬೇಡ ಎಂದು ಬರೆದಳು. ಕಳಿಸುವ ಮೊದಲು ಬೆರಳು ನಿಂತಿತು. ಕಳಿಸಿದರೆ ಏನು ಬರುತ್ತದೆ ಎಂಬುದು ಗೊತ್ತಿತ್ತು: ಸರಿ ಅಕ್ಕ, ರೆಸ್ಟ್ ಮಾಡಿ, ಒಂದು ಹೃದಯ. ತಾ ಎಂದರೆ ಸುಪ್ರೀತಾ ಬರುತ್ತಾಳೆ, ಮುಖ ನೋಡುತ್ತಾಳೆ, ಕರೆದುಕೊಂಡು ಬಂದವರು ಯಾರು ಎಂದು ಕೇಳುತ್ತಾಳೆ, ಸುಳ್ಳು ಬಯಲಾಗುತ್ತದೆ. ಸುಗಂಧಿ ಬರೆದದ್ದನ್ನು ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕೊನೆಗೆ ಕಣ್ಣು ಮುಚ್ಚಿಕೊಂಡು ಕಳಿಸಿಬಿಟ್ಟಳು.

"ತಾ. ನಾನು ಆಸ್ಪತ್ರೆಗೆ ಹೋಗಲೇ ಇಲ್ಲ, ಡಿಸೆಂಬರಿಗೆ ಹಾಕಿಸಿಕೊಂಡೆ. ನನಗೆ ಯಾರೂ ಇರಲಿಲ್ಲ. ನೀನು ಬರಬೇಕಿತ್ತು."

ಫೋನು ತಕ್ಷಣ ರಿಂಗಾಯಿತು.

"ಎಂತದ್ದು ಮಾರಾಯ್ರೆ ನಿಮ್ಮದು?" ಸುಪ್ರೀತಾ ಕಿರುಚುತ್ತಿದ್ದಳು, ಕಾರಿನ ಬಾಗಿಲು ಧಡ್ ಎಂದು ಮುಚ್ಚಿದ್ದು ಕೇಳಿಸಿತು. "ಬುದ್ಧಿ ಉಂಟಾ ನಿಮಗೆ? ಬೇಡ ಅಂದದ್ದು ನೀವೇ ಅಲ್ವಾ? ನಾನು ನಿಜ ಅಂತ ನಂಬಿದೆ! ನಿಮಗೆ ನಾನು ಬೇಡ ಅಂತ ಮೂರು ದಿನ ಬೇಜಾರು ಮಾಡಿಕೊಂಡೆ, ಗೊತ್ತುಂಟಾ? ಡಿಸೆಂಬರಿಗೆ ಹಾಕಿಸಿಕೊಂಡ್ರಾ? ಯಾರನ್ನು ಕೇಳಿ? ನಾಳೆ ಬೆಳಿಗ್ಗೆ ನಾನೇ ಆಸ್ಪತ್ರೆಗೆ ಫೋನ್ ಮಾಡ್ತೇನೆ. ನೀವು ಮಾತಾಡ್ಬೇಡಿ. ಬಾಯಿ ಮುಚ್ಚಿ ಕೂತ್ಕೊಳ್ಳಿ ಅಲ್ಲಿ!"

ಉಮಾನಾಥರು ಹೋದ ಮೇಲೆ ಅವಳಿಗೆ ಎಲ್ಲರೂ ಥ್ಯಾಂಕ್ಯೂ ಹೇಳಿದ್ದರು. ಅಪ್ಪಿಕೊಂಡಿದ್ದರು, ಹೃದಯ ಕಳಿಸಿದ್ದರು. ಬೈದವರು ಒಬ್ಬರೂ ಇರಲಿಲ್ಲ. ಸುಗಂಧಿ ಅಡುಗೆಮನೆಯ ನೆಲದ ಮೇಲೆ ಕುಳಿತು, ಫೋನನ್ನು ಕಿವಿಗೆ ಒತ್ತಿಹಿಡಿದು, ಮೂಗು ಒರೆಸಿಕೊಳ್ಳುತ್ತಾ, ಹೂಂ ಹೂಂ ಎನ್ನುತ್ತಾ ಕೇಳಿದಳು. ಇನ್ನೂ ಸ್ವಲ್ಪ ಬೈಯಲಿ ಎಂದು ಅವಳಿಗೆ ಅನಿಸಿತು.